ಯಂತ್ರದ ನೀರಡಿಕೆ

ಈ ಪುಟದಲ್ಲಿ ಇದುವರೆಗೆ ಕೊಡೆಯ ಕಡ್ಡಿ, ಹೊಲಿಗೆ ಯಂತ್ರದ ಪಟ್ಟಿ, ನಳದ ವಾಶರು ಮೊದಲಾದ ಬಡವಸ್ತುಗಳ ರಿಪೇರಿಯ ಕಥೆ ಹೇಳುತ್ತ ಬಂದಿದ್ದೇನೆ. ವಾಚಕರು ಸಹನೆಯಿಂದ ಓದಿದ್ದೀರಿ. ಈ ಸಲದ ವಸ್ತುವಿನ ತೂಕ ಸುಮಾರು ಏಳೂವರೆ ಟನ್ನು. ಕಚೇರಿಯಲ್ಲಿ ಫೈಲಿಗಿಂತ ಭಾರವಾದದ್ದನ್ನು ಎತ್ತದ ಗುಮಾಸ್ತನಿಗೆ ಇದೇಕೆ ಬೇಕಿತ್ತು ಎಂದು ನೀವು ಕೇಳುವ ಮೊದಲೇ ನನ್ನ ಮನೆಯವಳು ಕೇಳಿಯಾಗಿದೆ. ಉತ್ತರ ಕಥೆಯಲ್ಲಿದೆ; ಅದರಲ್ಲಿ ನನ್ನ ತಪ್ಪೂ ಇದೆ.

ನನ್ನ ಅಣ್ಣ ವಿಜಾಪುರದ ಕಡೆಯ ನಮ್ಮ ಹಳ್ಳಿಯಿಂದ ಪುಣೆಗೆ ಬಂದದ್ದು ಕಟ್ಟಡದ ಕೂಲಿಯಾಗಿ. ಆಮೇಲೆ ಕ್ಲೀನರ್, ಆಮೇಲೆ ಡ್ರೈವರ್. ನಾಲ್ಕು ವರ್ಷಗಳ ಹಿಂದೆ ಸಾಲ ಮಾಡಿ, ವೈನಿಯ ಪಾಟಲಿಗಳನ್ನು ಅಡವಿಟ್ಟು, ಎರಡನೆಯ ಕೈಯ ಒಂದು ಮಣ್ಣು ಅಗೆಯುವ ಯಂತ್ರವನ್ನು ಕೊಂಡುಕೊಂಡ. ಮುಂದೆ ದೊಡ್ಡ ಬಾಯಿ, ಹಿಂದೆ ಚೇಳಿನ ಕೊಂಡಿಯಂತಹ ತೋಳು. ಊರೆಲ್ಲ ಇಂತಹ ಯಂತ್ರವನ್ನು ಒಂದೇ ಕಂಪನಿಯ ಹೆಸರಿನಿಂದ ಕರೆಯುತ್ತದೆ. ಅಣ್ಣನದು ಬೇರೆ ಮನೆತನದ್ದಾದ್ದರಿಂದ ನಾನು ಯಂತ್ರ ಎಂದಷ್ಟೇ ಹೇಳುವೆ. ಸೋಲಾಪುರ ರಸ್ತೆಯಲ್ಲಿ ಲೋಣಿಯ ಆಚೆ ಅವನ ಮನೆ. ಅಂಗಳದಲ್ಲಿ ಬೇವಿನ ಮರ, ಮರದ ಕೆಳಗೆ ಯಂತ್ರ. ನಳದ ಚರಂಡಿ, ಮನೆಯ ಪಾಯ, ಹೊಲದ ಬದು ಅದರ ಕೆಲಸ. ಅದು ಒಂದು ದಿನ ನಿಂತರೆ ಕಂತು ನಿಲ್ಲುವುದಿಲ್ಲ. ಅದು ಪ್ರತಿ ತಿಂಗಳು ಐದನೆಯ ತಾರೀಕಿಗೆ ತಪ್ಪದೆ ಬರುತ್ತದೆ.

ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಲು ಹೋದಾಗ ಯಂತ್ರಕ್ಕೆ ಬಾಯಾರುತ್ತಿದೆ ಎಂಬ ಸುದ್ದಿ ತಿಳಿಯಿತು. ದಿನಾ ಬೆಳಿಗ್ಗೆ ರೇಡಿಯೇಟರಿಗೆ ನೀರು ಸುರಿಯಬೇಕಾಗುತ್ತಿತ್ತು.

"ನೀರು ಕುಡೀತದ, ಕುಡೀಲಿ ಬಿಡೋ ತಮ್ಮಾ. ದುಡಿಯೋ ಮಂದಿ ನೀರು ಕುಡಿಯಂಗಿಲ್ಲೇನು?" ಎಂದ ಅಣ್ಣ.

ವೈನಿ ಒಳಗಿನಿಂದಲೇ ಕೇಳಿದರು: "ಮಂದಿ ಕುಡದ್ರ ಬೆವರ್ತಾರ. ಇದು ಕುಡದದ್ದು ಎಲ್ಲಿ ಹೋಗತದ?"

ಇಡೀ ರಿಪೇರಿಯ ಶಾಸ್ತ್ರ ಆ ಒಂದು ಪ್ರಶ್ನೆಯಲ್ಲಿತ್ತು. ಆದರೆ ಬಿ.ಎ. ಓದಿದ ಮೈದುನ ಅಲ್ಲಿ ಕೂತಿರುವಾಗ ಅದಕ್ಕೆ ಕಿವಿ ಕೊಡುವವರು ಯಾರು? ಕಚೇರಿಯಲ್ಲಿ ಯಾರೋ ಹೇಳಿದ ಲಾರಿ ಡ್ರೈವರುಗಳ ಉಪಾಯ ನನಗೆ ನೆನಪಾಯಿತು. "ಒಂದು ಹಿಡಿ ಅರಿಶಿನ ಪುಡಿ ಹಾಕು ಅಣ್ಣಾ, ತೂತು ತಾನೇ ಮುಚ್ಚತದ" ಎಂದೆ. ಹಾಕಿದೆವು. ಸೋರುವುದು ನಿಂತಿತು! ಮೂರು ವಾರ ನಾನು ಇಂಜಿನಿಯರನ ಗತ್ತಿನಲ್ಲಿ ತಿರುಗಿದೆ.

ಇಲ್ಲಿ ರೇಡಿಯೇಟರೆಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ಇಂಜಿನು ಉರಿಯಿಂದ ನಡೆಯುವ ವಸ್ತು. ಆ ಉರಿಯ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದುದನ್ನು ಹೊರಕ್ಕೆ ಸಾಗಿಸದಿದ್ದರೆ ಇಂಜಿನಿನ ಲೋಹವೇ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಸಾಗಿಸುವ ಆಳು ನೀರು. 1888ರಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಗೃಹಿಣಿ ಗಂಡನಿಗೆ ಹೇಳದೆ ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತೌರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಆ ಗಾಡಿಯ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ಸಿಕ್ಕಲ್ಲಿ ನೀರು ತುಂಬುತ್ತ ಹೋಗಬೇಕಾಯಿತು. ಹೋದ ನೀರನ್ನೇ ತಣಿಸಿ ಮತ್ತೆ ಬಳಸುವ ಒಳ್ಳೆಯ ಉಪಾಯ ಮಾಡಿದವರಲ್ಲಿ ವಿಲ್‌ಹೆಲ್ಮ್ ಮೈಬಾಖ್ ಮುಖ್ಯ. ಅವನು 1900ರಲ್ಲಿ ಸಿದ್ಧಪಡಿಸಿದ ಜೇನುಗೂಡಿನಂತಹ ರೇಡಿಯೇಟರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪುಟ್ಟ ಕೊಳವೆಗಳಿದ್ದವು. ಇಂದಿನ ರೇಡಿಯೇಟರಿನಲ್ಲಿ ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ನಡುವೆ ಸಾಲಾಗಿ ಚಪ್ಪಟೆ ನಳಿಗೆಗಳು, ನಳಿಗೆಗಳ ನಡುವೆ ತೆಳ್ಳನೆಯ ತಗಡಿನ ಮಡಿಕೆಗಳು. ಕೆಲವು ಮಾದರಿಗಳಲ್ಲಿ ತೊಟ್ಟಿಗಳು ಎಡಬಲಕ್ಕಿರುತ್ತವೆ. ಬಿಸಿ ನೀರು ನಳಿಗೆಗಳಲ್ಲಿ ಹರಿಯುವಾಗ ಫ್ಯಾನಿನ ಗಾಳಿ ಅದನ್ನು ತಣಿಸುತ್ತದೆ. ಅಂದರೆ ಸರಿಯಾಗಿರುವ ಯಂತ್ರ ದಿನಾ ನೀರು ಕೇಳಬಾರದು. ಕೇಳಿದರೆ ಅದು ನೀರಡಿಕೆಯಲ್ಲ, ಗಾಯ.

ಅರಿಶಿನ ಮಾಡುವುದೇನು? ನೀರಿನೊಡನೆ ಹೊರಡುವ ಅದರ ಕಣಗಳು ತೂತಿನ ಬಾಯಲ್ಲಿ ಸಿಕ್ಕಿಕೊಂಡು ಉಬ್ಬುತ್ತವೆ. ಆದರೆ ತೂತಿನ ಬಾಯಿ ಯಾವುದು, ನಳಿಗೆಯ ಬಾಯಿ ಯಾವುದು ಎಂಬ ವಿವೇಕ ಅರಿಶಿನಕ್ಕೆ ಇಲ್ಲ. ಅಣ್ಣನ ರೇಡಿಯೇಟರಿನಲ್ಲಿ ಬೋರಿನ ಗಡಸು ನೀರು ಆಗಲೇ ನಳಿಗೆಗಳೊಳಗೆ ಬಿಳಿಯ ಪೊರೆ ಕಟ್ಟಿತ್ತು. ಅದರ ಮೇಲೆ ನಾವು ಅರಿಶಿನ ಬಳಿದೆವು. ಹೊರಗಿನ ಸೋರಿಕೆ ನಿಂತಿತು. ಒಳಗಿನ ಹರಿವೂ ನಿಲ್ಲುತ್ತ ಬಂತು. ಮಹಾಶಿವರಾತ್ರಿಯ ಹೊತ್ತಿಗೆ ತೂತು ಮತ್ತೆ ತೆರೆಯಿತು, ಯಂತ್ರ ಕಾಯತೊಡಗಿತು.

ಯುಗಾದಿಯ ಮರುವಾರ. ಬಿಸಿಲು ಏರಿದ ಹೊತ್ತು. ಮಳೆಗಾಲದೊಳಗೆ ಮುಗಿಯಬೇಕಾದ ಚರಂಡಿಯ ಕೆಲಸ. ಬಿಸಿಯ ಮುಳ್ಳು ಕೆಂಪಿಗೆ ಹೋಯಿತು. ಅಣ್ಣ ದೂರದಿಂದಲೇ, "ಮುಚ್ಚಳ ತಗದು ನೀರು ಹಾಕೋ, ಹೊತ್ತಾಗತದ" ಎಂದು ಡ್ರೈವರ್ ಹುಡುಗನಿಗೆ ಕೂಗಿದ. ಹುಡುಗ ಸಿಂದಗಿಯ ಕಡೆಯವನು, ಇಪ್ಪತ್ತೆರಡು ವರ್ಷ, ಹೇಳಿದ ಮಾತು ಮೀರದವನು. ಟವೆಲು ಸುತ್ತಿ ಮುಚ್ಚಳ ತಿರುವಿದ. ಮುಚ್ಚಳ ಹಾರಿತು. ಹಿಂದೆಯೇ ಕುದಿನೀರು ಮೊಣಕೈಯಿಂದ ಭುಜದವರೆಗೆ ಬಿತ್ತು. ಮುಖ ತಿರುವಿದ್ದರಿಂದ ಕಣ್ಣು ಉಳಿದವು.

ಮನೆಯಲ್ಲಿ ಕುಕ್ಕರು ಬಳಸುವ ತಾಯಂದಿರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಆ ಮುಚ್ಚಳದ ಮೇಲೆ 0.9 ಎಂದು ಕೆತ್ತಿತ್ತು. ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಂ ಒತ್ತಡದವರೆಗೆ ಅದು ನೀರನ್ನು ಅದುಮಿ ಹಿಡಿಯುತ್ತದೆ ಎಂದು ಅರ್ಥ. ಅಡಿಗೆಯ ಕುಕ್ಕರಿಗಿಂತ ಸ್ವಲ್ಪವೇ ಕಡಿಮೆ. ಅಷ್ಟು ಒತ್ತಡದಲ್ಲಿ ನೀರು ಸುಮಾರು 118 ಡಿಗ್ರಿಯವರೆಗೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಹೋಗುತ್ತದೆ, ನೀರು ಆ ಕ್ಷಣದಲ್ಲೇ ಕುದಿದು ಉಕ್ಕುತ್ತದೆ. ಆವಿಯಾದ ನೀರು ಸುಮಾರು ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಟವೆಲು ಅದನ್ನು ತಡೆದೀತೆ? ಸೀಟಿ ಹೊಡೆಯುವ ಕುಕ್ಕರಿನ ಮುಚ್ಚಳವನ್ನು ನಾವು ಯಾರೂ ಕೀಳುವುದಿಲ್ಲ. ರೇಡಿಯೇಟರು ಸೀಟಿ ಹೊಡೆಯುವುದಿಲ್ಲ. ಅದೇ ಅದರ ದುಷ್ಟತನ.

ಕೂಡಿದ ಮಂದಿಯಲ್ಲಿ ಯಾರೋ ಹಲ್ಲಿನ ಪೇಸ್ಟು ಬಳಿದರು. ಅದೂ ತಪ್ಪು. ಸುಟ್ಟ ಭಾಗದ ಮೇಲೆ ಕೂಡಲೇ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕು. ಮಂಜುಗಡ್ಡೆ, ಪೇಸ್ಟು, ಎಣ್ಣೆ ಯಾವುದೂ ಬೇಡ. ಶುದ್ಧ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಆಸ್ಪತ್ರೆಯಲ್ಲಿ ಡಾಕ್ಟರರಿಂದ ಕೇಳಿ ಕಲಿತೆವು. ಖರ್ಚನ್ನು ಅಣ್ಣ ಕೊಟ್ಟ. ಹುಡುಗನನ್ನು ಊರಿಗೆ ಕಳಿಸಲಿಲ್ಲ. ತನ್ನ ಮನೆಯಲ್ಲೇ ಇರಿಸಿಕೊಂಡ. ಅವನ ತಾಯಿ ಫೋನು ಮಾಡಿದಾಗಲೆಲ್ಲ ಅಣ್ಣ ಎದ್ದು ಹೊರಗೆ ಹೋಗುತ್ತಿದ್ದ. ಮಾತಾಡುವವರು ವೈನಿ.

ಯಂತ್ರವನ್ನು ಓಡಿಸಿಕೊಂಡು ಗ್ಯಾರೇಜಿಗೆ ಒಯ್ಯುವುದು ಸಾಧ್ಯವಿರಲಿಲ್ಲ, ಓಡಿಸಿದರೆ ಕಾಯುತ್ತದೆ. ಹೇರಿಕೊಂಡು ಹೋಗುವ ಗಾಡಿಯ ಬಾಡಿಗೆ ಕೇಳಿ ಅಣ್ಣ ಕೂತುಬಿಟ್ಟ. ಹೊಸ ರೇಡಿಯೇಟರಿನ ಬೆಲೆ ಒಂದು ತಿಂಗಳ ಕಂತಿಗೆ ಹತ್ತಿರವಿತ್ತು. ಹೀಗಾಗಿ ಅಂಗಳದಲ್ಲೇ ಬಿಚ್ಚುವುದೆಂದು ತೀರ್ಮಾನವಾಯಿತು. ನಾನು ಎರಡು ಭಾನುವಾರ ಬರುತ್ತೇನೆಂದೆ. ಅರಿಶಿನ ಹೇಳಿದವನು ನಾನಲ್ಲವೆ?

ಮೊದಲು ಮಾಡಿದ ಕೆಲಸ ವೈನಿಯ ಪ್ರಶ್ನೆಗೆ ಉತ್ತರ ಹುಡುಕುವುದು. ನೀರು ಎಲ್ಲಿ ಹೋಗುತ್ತಿದೆ? ಲೆಕ್ಕ ಇಟ್ಟವರು ಯಾರೂ ಇರಲಿಲ್ಲ ಎಂದುಕೊಂಡಿದ್ದೆ. ವೈನಿ ಹೇಳಿದರು: "ದೀಪಾವಳಿಗೆ ಒಂದು ತಂಬಿಗಿ. ಸಂಕ್ರಾಂತಿಗೆ ಎರಡು. ಶಿವರಾತ್ರಿ ಆದಮ್ಯಾಲೆ ಅರ್ಧ ಕೊಡ. ಯುಗಾದಿಗೆ ತುಂಬಿದ ಕೊಡ. ತರೋಕಿ ನಾನಲ್ಲೇನು?" ಇಂತಹ ರಿಜಿಸ್ಟರು ನಮ್ಮ ಕಚೇರಿಯಲ್ಲೂ ಇಲ್ಲ.

ನೀರು ಹೋಗುವ ದಾರಿಗಳು ಎರಡು. ಒಂದು ಹೊರಕ್ಕೆ: ರಬ್ಬರು ಪೈಪು, ಅದರ ಕ್ಲಿಪ್ಪು, ನೀರಿನ ಪಂಪಿನ ಕೆಳಗಿನ ಸಣ್ಣ ಕಿಂಡಿ, ಇಲ್ಲವೆ ರೇಡಿಯೇಟರು. ಇನ್ನೊಂದು ಒಳಕ್ಕೆ: ಇಂಜಿನಿನ ಮೇಲ್ತಲೆಯ ಗ್ಯಾಸ್ಕೆಟು ಒಡೆದಿದ್ದರೆ ನೀರು ಉರಿಯುವ ಕೋಣೆಗೋ ಎಣ್ಣೆಗೋ ಸೇರುತ್ತದೆ. ಆಗ ಬಿಳಿಯ ಹೊಗೆ ಬಿಡದೆ ಬರುತ್ತದೆ, ಇಲ್ಲವೆ ಅಳತೆಯ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಾಣುತ್ತದೆ. ಅದಾದರೆ ಮನೆಯ ಕೆಲಸವಲ್ಲ, ಬಲ್ಲ ಮೆಕ್ಯಾನಿಕನನ್ನೇ ಕರೆಯಬೇಕು. ನಮ್ಮ ಎಣ್ಣೆ ಸ್ವಚ್ಛವಾಗಿತ್ತು. ಸಂಜೆ ನೀರು ತುಂಬಿ, ಯಂತ್ರದ ಕೆಳಗೆ ರಟ್ಟು, ಹಳೆಯ ಪತ್ರಿಕೆ ಹಾಸಿ ಮಲಗಿದೆವು. (ನಮ್ಮ ಸಂಘದ ಪತ್ರಿಕೆಯಲ್ಲ, ಸಂಪಾದಕರು ಸಮಾಧಾನ ತಾಳಬೇಕು.) ಬೆಳಿಗ್ಗೆ ರೇಡಿಯೇಟರಿನ ಎಡಮೂಲೆಯ ನೇರ ಕೆಳಗೆ ರಟ್ಟು ತೊಯ್ದಿತ್ತು. ಪೈಪುಗಳ ಕೆಳಗೆ ಒಣಗಿತ್ತು.

ಬಿಚ್ಚುವ ಮುನ್ನ ಯಂತ್ರದ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಗಾಲಿಗೆ ಕಲ್ಲು ಕೊಟ್ಟು, ಕೀಲಿ ತೆಗೆದು, ಬ್ಯಾಟರಿಯ ತಂತಿ ಕಳಚಿದೆವು. ಇಂಜಿನು ರಾತ್ರಿಯಿಡೀ ತಣ್ಣಗಿತ್ತು. ಆದರೂ ಮುಚ್ಚಳಕ್ಕೆ ಕೈ ಹಚ್ಚುವಾಗ ಅಣ್ಣನ ಕೈ ನಡುಗಿದ್ದನ್ನು ನೋಡಿದೆ. ನನ್ನ ಪಾಲಿಗೆ ಬಂದದ್ದು ಗುಮಾಸ್ತಿಕೆಯೇ. ಯಾವ ಪೈಪು ಎಲ್ಲಿಯದು ಎಂದು ಚೀಟಿ ಬರೆದು ಕಟ್ಟಿದೆ. ಬೋಲ್ಟುಗಳನ್ನು ಮಿಠಾಯಿ ಡಬ್ಬಿಗಳಲ್ಲಿ ಹಾಕಿ ನಂಬರು ಕೊಟ್ಟೆ. ಅಣ್ಣ ನಕ್ಕ. ಕೂಡಿಸುವ ದಿನ ಒಂದು ಬೋಲ್ಟೂ ಉಳಿಯಲಿಲ್ಲ, ಕಡಿಮೆಯೂ ಬೀಳಲಿಲ್ಲ. ಪಕ್ಕದಲ್ಲಿದ್ದ ಎಣ್ಣೆ ತಣಿಸುವ ಕೂಲರಿನ ಪೈಪುಗಳನ್ನು ಮುಟ್ಟಲಿಲ್ಲ. ಅದನ್ನು ಬದಿಗೆ ಸರಿಸಿ ಕಟ್ಟಿದೆವು. ಫ್ಯಾನಿನ ಗೂಡು ಬಿಚ್ಚಿ, ಇಬ್ಬರು ಹಿಡಿದು ರೇಡಿಯೇಟರನ್ನು ಮೇಲೆತ್ತಿದೆವು. ಬೆನ್ನ ತುಂಬ ಮಣ್ಣು, ಹುಲ್ಲು, ಪ್ಲಾಸ್ಟಿಕ್ ಚೀಲದ ಚೂರು. ತೆಳ್ಳನೆಯ ತಗಡುಗಳು ಮಡಿಚದಂತೆ, ಫ್ಯಾನಿನ ಬದಿಯಿಂದ ಹೊರಬದಿಗೆ, ಮೆಲ್ಲಗೆ ನೀರು ಬಿಟ್ಟು ತೊಳೆದೆವು.

ಬೆಸುಗೆಗೆ ಕರೆದದ್ದು ಹಡಪಸರದ ಒಬ್ಬ ಮರಾಠಿ ಅಜ್ಜನನ್ನು. ಹಿಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನ. ಆತ ಚಾಕುವಿನಿಂದ ಒಂದು ಮೂಲೆ ಕೆರೆದು ನೋಡಿ ತಲೆಯಾಡಿಸಿದ: ತಾಮ್ರ ಮತ್ತು ಹಿತ್ತಾಳೆ. ಅದು ನಮ್ಮ ಪುಣ್ಯ. ಇತ್ತೀಚಿನ ಅನೇಕ ರೇಡಿಯೇಟರುಗಳು ಅಲ್ಯೂಮಿನಿಯಮ್ಮಿನವು, ತೊಟ್ಟಿ ಪ್ಲಾಸ್ಟಿಕ್ಕಿನದು. ಅವಕ್ಕೆ ಈ ತವರದ ಬೆಸುಗೆ ಹಿಡಿಯುವುದಿಲ್ಲ.

ಮೊದಲು ತೂತು ಹುಡುಕಿದ. ರೇಡಿಯೇಟರಿನ ಬಾಯಿಗಳಿಗೆ ಹಳೆಯ ಟ್ಯೂಬಿನ ತುಂಡು ಹಾಕಿ ಮರದ ಬಿರಡೆ ಬಿಗಿದ. ಒಂದರಲ್ಲಿ ಸೈಕಲ್ಲಿನ ವಾಲ್ವು ಕೂಡಿಸಿದ. ವೈನಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅಳತೆ ನೋಡಿಕೊಂಡು ಪಂಪಿನಿಂದ ಗಾಳಿ ಹಾಕಿದ. ಮುಚ್ಚಳದ ಮೇಲೆ ಬರೆದ ಒತ್ತಡಕ್ಕಿಂತ ಹೆಚ್ಚು ಹಾಕಿದರೆ ಹೊಸ ತೂತುಗಳನ್ನು ನಾವೇ ಮಾಡಿದಂತೆ. ಪಂಕ್ಚರ್ ನೋಡುವಾಗಿನಂತೆ ಗುಳ್ಳೆಗಳೆದ್ದವು: ಮೇಲಿನ ತೊಟ್ಟಿಯ ಅಂಚಿನಲ್ಲಿ ಒಂದು ಕಡೆ, ನಳಿಗೆಗಳಲ್ಲಿ ಎರಡು ಕಡೆ. ಮೂರೂ ಎಡಮೂಲೆಯವು. ಆಗ ಕಾರಣವೂ ಹೊಳೆಯಿತು. ರೇಡಿಯೇಟರು ಕೂರುವ ರಬ್ಬರಿನ ಗದ್ದಿಗೆ ಎಡಗಡೆ ಪುಡಿಯಾಗಿತ್ತು. ಯಂತ್ರ ಕಲ್ಲು ಕುಟ್ಟಿದಾಗಲೆಲ್ಲ ಆ ಮೂಲೆ ಕಬ್ಬಿಣಕ್ಕೆ ಬಡಿಯುತ್ತಿತ್ತು. ಒಂದು ಅಂಗೈಯಗಲದ ರಬ್ಬರು!

ಅಜ್ಜ ಮೇಲಿನ ತೊಟ್ಟಿಯ ಬೆಸುಗೆ ಕರಗಿಸಿ ಎತ್ತಿದ. ಚಪ್ಪಟೆ ಕಡ್ಡಿಯೊಂದನ್ನು ನಳಿಗೆಗಳಲ್ಲಿ ಒಂದೊಂದಾಗಿ ಇಳಿಸಿದ. ಕಡ್ಡಿಯ ಜೊತೆಗೆ ಹಳದಿಯ ಕೆಸರು ಬಂತು.

"ಹೇ ಕಾಯ, ಪಿಠಲಂ?" ಎಂದು ಅಜ್ಜ ನಕ್ಕ.

ಯಾರೂ ನಗಲಿಲ್ಲ. ಹುಡುಗ ಬೇವಿನ ಕೆಳಗಿನ ಹೊರಸಿನ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಅದು ಅರಿಶಿನವೆಂದೂ, ಹೇಳಿದವನು ನಾನೆಂದೂ ಅವನಿಗೆ ಗೊತ್ತಿರಲಿಲ್ಲ. ನಾನು ಹೋಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡ್ರಿ ಸರ, ನೀವು ಬೇಕಂತ ಹೇಳಿದ್ದಲ್ಲಲ್ಲ" ಎಂದ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬೆಸುಗೆಯ ಗುಟ್ಟು ಇಷ್ಟೆ: ಲೋಹ ಕನ್ನಡಿಯಂತೆ ಹೊಳೆಯಬೇಕು. ಎಣ್ಣೆ, ಕಿಲುಬು, ಪೊರೆ ಉಳಿದ ಕಡೆ ತವರ ಮುತ್ತಾಗಿ ಉರುಳಿ ಬೀಳುತ್ತದೆ. ಅಜ್ಜ ಅರ್ಧ ಗಂಟೆ ಉಜ್ಜಿದ, ಸತುವು ಕರಗಿಸಿದ ಆಮ್ಲ ಹಚ್ಚಿದ, ಕಾವು ಕೊಟ್ಟ. ಬೆಸುಗೆ ಹಾಕಿದ್ದು ಎರಡೇ ನಿಮಿಷ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೆ ಕರಗತೊಡಗುತ್ತದೆ. ಇಂಜಿನಿನ ನೀರು ಅಷ್ಟು ಕಾಯುವುದಿಲ್ಲವಾದ್ದರಿಂದ ಅದು ನಿಲ್ಲುತ್ತದೆ. ಆದರೆ ಪಕ್ಕದ ಹಳೆಯ ಜೋಡಣೆಗಳೂ ಅದೇ ಬೆಸುಗೆಯವು. ಉರಿ ಹೆಚ್ಚಾದರೆ ಒಂದನ್ನು ಮುಚ್ಚುವಾಗ ನಾಲ್ಕು ಬಿಚ್ಚಿಕೊಳ್ಳುತ್ತವೆ. ಅದಕ್ಕೆ ಸುತ್ತಲೂ ಒದ್ದೆ ಬಟ್ಟೆ ಹೊದಿಸಿದ್ದ. ಒಡೆದ ಎರಡು ನಳಿಗೆಗಳ ಎರಡೂ ತುದಿ ಮುಚ್ಚಿಬಿಟ್ಟ. ಒಂದೆರಡು ಹೋದರೆ ನಡೆಯುತ್ತದೆ. ಹೆಚ್ಚು ಮುಚ್ಚಿದರೆ ತಣಿಸುವ ಶಕ್ತಿಯೇ ಹೋಗುತ್ತದೆ. ಸೀಸದ ಮತ್ತು ಆಮ್ಲದ ಹೊಗೆ ಕೆಟ್ಟದ್ದು. ಕೆಲಸ ಬಯಲಿನಲ್ಲೇ ಆಗಬೇಕು, ಮಕ್ಕಳು ದೂರವಿರಬೇಕು, ಕೈ ತೊಳೆಯದೆ ಚಹ ಮುಟ್ಟಬಾರದು. ಮತ್ತೆ ಮುಳುಗಿಸಿ ನೋಡಿದಾಗ ಗುಳ್ಳೆ ಬರಲಿಲ್ಲ. ತೊಟ್ಟಿಯ ನೀರನ್ನು ವೈನಿ ಚೆಲ್ಲಿಸಿ ತೊಳೆಸಿದರು.

ಎರಡನೆಯ ಭಾನುವಾರ ಹೊಸ ರಬ್ಬರಿನ ಗದ್ದಿಗೆ, ಹೊಸ ಕ್ಲಿಪ್ಪು, ಹೊಸ ಮುಚ್ಚಳ ಹಾಕಿ ಕೂಡಿಸಿದೆವು. ನೀರು ತುಂಬುವ ಹೊತ್ತಿಗೆ ಅಣ್ಣ ರೂಢಿಯಂತೆ ಬೋರಿನ ಕೊಡಕ್ಕೆ ಕೈ ಹಾಕಿದ. ವೈನಿ ಕೊಡವನ್ನು ಹಿಂದಕ್ಕೆ ಎಳೆದುಕೊಂಡರು. "ನನ್ನ ಹಂಡೆ ನೋಡ್ರಿ, ತಳದಾಗ ಎಷ್ಟು ಬಿಳೀ ಪೊರಿ ಕಟ್ಟೇದ. ಅದಕ್ಕೂ ಅದೇ ನೀರು ಹಾಕ್ತೀರೇನು?" ಸರಿಯಾದ ಮಾತು. ಬಟ್ಟಿ ಇಳಿಸಿದ ನೀರು ಅರ್ಧ, ಕೂಲಂಟ್ ಅರ್ಧ ಬೆರೆಸಿ ಹಾಕಿದೆವು. ಕೂಲಂಟಿನಲ್ಲಿರುವ ಗ್ಲೈಕಾಲು ಕುದಿಯುವ ಮಟ್ಟವನ್ನು ಏರಿಸುತ್ತದೆ, ಬೆರೆತ ಮದ್ದುಗಳು ತುಕ್ಕನ್ನು ತಡೆಯುತ್ತವೆ. ಆದರೆ ಅದು ಸಿಹಿಯಾದ ವಿಷ. ಮಗುವಾಗಲಿ ನಾಯಿಯಾಗಲಿ ನೆಕ್ಕಿದರೆ ಪ್ರಾಣಕ್ಕೆ ಎರವು. ಡಬ್ಬಿಯನ್ನು ಎತ್ತರದಲ್ಲಿಡಬೇಕು, ಚೆಲ್ಲಿದ್ದನ್ನು ಒರಸಬೇಕು, ಚರಂಡಿಗೆ ಬಿಡಬಾರದು. ತಣ್ಣನೆಯ ಇಂಜಿನನ್ನು ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿ, ದೂರ ನಿಂತು, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಕಾದು, ಕಡಿಮೆಯಾದಷ್ಟು ತುಂಬಿ ಮುಚ್ಚಿದೆವು. ಒಂದು ಗಂಟೆ ಓಡಿಸಿದರೂ ಮುಳ್ಳು ಹಸಿರಿನಲ್ಲೇ ನಿಂತಿತು.

ಅಣ್ಣನಿಗೆ ಆದ ಖರ್ಚು ಹೊಸ ರೇಡಿಯೇಟರಿನ ಬೆಲೆಯ ಐದರಲ್ಲಿ ಒಂದು ಪಾಲೂ ಅಲ್ಲ. ಆದರೆ ಆಸ್ಪತ್ರೆಯ ಬಿಲ್ಲು ಸೇರಿಸಿದರೆ ಅದು ಹೊಸದಕ್ಕಿಂತ ದುಬಾರಿ. ದೀಪಾವಳಿಯಲ್ಲಿ ಒಂದು ತಂಬಿಗೆ ನೀರು ಹೆಚ್ಚು ಬೇಕಾದಾಗಲೇ ರಟ್ಟು ಹಾಸಿ ನೋಡಿದ್ದರೆ ಒಂದು ರಬ್ಬರಿನ ತುಂಡಿನಲ್ಲಿ ಮುಗಿಯುತ್ತಿತ್ತು. ನಾವು ತುಂಬುತ್ತ ಹೋದೆವು. ತುಂಬುವುದು ಸುಲಭ, ಹುಡುಕುವುದು ಬೇಸರ. ಕೊನೆಗೆ ಆ ಬೇಸರದ ಬೆಲೆ ಕೊಟ್ಟವನು ಯಂತ್ರದ ಹತ್ತಿರ ನಿಂತಿದ್ದವನು. ದೂರದಿಂದ ಕೂಗಿದವನಲ್ಲ, ಕಚೇರಿಯಲ್ಲಿ ಕೂತು ಉಪಾಯ ಹೇಳಿದವನೂ ಅಲ್ಲ.

ಈಗ ಯಂತ್ರದಲ್ಲಿ ಒಂದು ಇನ್ನೂರು ಪುಟದ ವಹಿ ಇದೆ. ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ, ಎಷ್ಟು ಹಾಕಿದೆವು ಎಂದು ಬರೆಯಬೇಕು. ಮುಚ್ಚಳದ ಪಕ್ಕದಲ್ಲಿ ಕನ್ನಡ, ಮರಾಠಿ, ಹಿಂದಿಯಲ್ಲಿ ಒಂದು ತಗಡು: "ಬಿಸಿ ಇದ್ದಾಗ ತೆಗೆಯಬೇಡಿ. ಯಜಮಾನ ಹೇಳಿದರೂ ತೆಗೆಯಬೇಡಿ." ಅಕ್ಷರ ನನ್ನದು. ಎರಡನೆಯ ಸಾಲು ಅಣ್ಣ ಹೇಳಿ ಬರೆಸಿದ್ದು.

ಹುಡುಗನ ಕೈ ಗುಣವಾಗಿದೆ. ಮೊಣಕೈಯ ಬಳಿ ಚರ್ಮ ಇನ್ನೂ ಬಿಗಿ. ಜೂನಿನಲ್ಲಿ ಊರಿಗೆ ಹೋದವನು ಮರಳಿ ಬರುವುದು ಅನುಮಾನ ಎಂದುಕೊಂಡಿದ್ದೆವು. ಬಂದ. ಜೊತೆಗೆ ತಾಯಿ ಕೊಟ್ಟ ಶೇಂಗಾ ಹಿಂಡಿಯ ಡಬ್ಬಿ. ಕಳೆದ ಭಾನುವಾರ ಹೋದಾಗ ಆ ವಹಿ ತೆರೆದು ನೋಡಿದೆ. ದಿನ ದಿನ ಅವನ ಕೈಯಲ್ಲಿ ಒಂದೇ ಅಂಕಿ: ಸೊನ್ನೆ, ಸೊನ್ನೆ, ಸೊನ್ನೆ. ಪುಟ ತುಂಬಿದ ಸೊನ್ನೆಗಳನ್ನು ಕಂಡು ಇಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಹಗುರವಾದ ವಸ್ತುವಿಗೇ ಬರುತ್ತೇನೆ. ಗೋಡೆ ಗಡಿಯಾರವೊಂದು ಕಾದಿದೆ.